ಉಸಿರಾಡುವ ಗಾಡಿ

ಮಟಮಟ ಮಧ್ಯಾಹ್ನ ಹೊಲದಲ್ಲಿ ಓಡಾಡುವ ದೆವ್ವಕ್ಕೆ ನನ್ನೂರಲ್ಲಿ ಒಂದು ಹೆಸರಿತ್ತು. ಬಿಸಿಲು... ಬಿಸಿಲು ಏನೋ. ಬಾಯಿಗೆ ಬರುತ್ತಿಲ್ಲ. ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಉಗಾರ ಖುರ್ದಕ್ಕೆ ಬಂದ ಮೇಲೆ ಅಲ್ಲಿನ ಮಾತುಗಳು ಒಂದೊಂದಾಗಿ ನನ್ನನ್ನು ಬಿಟ್ಟುಹೋದವು. ದೆವ್ವದಂಥ ಪ್ರಸಂಗಗಳು ಮಾತ್ರ ನಮ್ಮ ಮನೆಯನ್ನು ಬಿಡುವುದೇ ಇಲ್ಲ.

ನಿದ್ದೆಯಲ್ಲಿ ನನ್ನ ಉಸಿರು ಆಗಾಗ ನಿಂತುಬಿಡುತ್ತದೆ. ಮೂಗಿಗೆ ಮುಖವಾಡ ಕಟ್ಟಿಕೊಂಡು, ಗಾಳಿ ಊದುವ ಯಂತ್ರ ಹಚ್ಚಿಯೇ ಮಲಗಬೇಕು. ನನ್ನೂರಿನ ತೋಟದಲ್ಲಿ ಕರೆಂಟೂ ಇಲ್ಲ, ಈಗ ಮನೆಯೂ ಇಲ್ಲ. ಸಾಯುವುದರೊಳಗೆ ಅಲ್ಲಿ ನಾಲ್ಕು ದಿನ ಇದ್ದು ಬರಬೇಕೆಂಬ ಆಸೆ. ಮಗ ಜೀಪಿನ ಹಿಂದೆ ಎಳೆಯುವ ಗಾಡಿಮನೆಯೊಂದನ್ನು ಅಥಣಿಯಲ್ಲಿ ಮಾಡಿಸಿದ. ಅದರೊಳಗೆ ಇನ್ವರ್ಟರ್ ಕೂರಿಸಿ ನೋಡುವುದು, ನಡೆದರೆ ಹೋಗುವುದು, ಇಲ್ಲದಿದ್ದರೆ ಆ ಮಾತೇ ಎತ್ತಬಾರದು ಎಂದು ಕರಾರಾಯಿತು.

೧. ಬಿಳಿ ಬಣ್ಣ

ವೆಲ್ಡಿಂಗಿನವನು ಗಾಡಿಗೆ ಬಿಳಿ ಬಣ್ಣ ಬಳಿದಿದ್ದ. ಉದ್ದಕ್ಕೆ, ಕಿಟಕಿಗೆ ಪರದೆ, ಹಿಂದೆ ಬಾಗಿಲು. ಅಥಣಿಯಿಂದ ತರುವಾಗ ದಾರಿಯುದ್ದಕ್ಕೂ ಜನ ನಿಂತು ಕೈ ಮುಗಿದರಂತೆ. ಎದುರು ಬಂದ ಸೈಕಲ್ಲಿನವನು ಇಳಿದು ಟೋಪಿ ತೆಗೆದನಂತೆ.

ಗಾಡಿ ಮನೆಮುಂದೆ ನಿಂತಿತು. ಒಳಗೆ ಹೇಗಿದೆ ನೋಡೋಣವೆಂದು ನಾನು ಹತ್ತಿ ಮಂಚದ ಮೇಲೆ ಒರಗಿದೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಸೆರಗು ಹೊದ್ದು, ಅಳುತ್ತ ಬಂದಳು. "ಎಷ್ಟ ಛಲೋ ಇದ್ರವ್ವ, ಯಾರಿಗೂ ಕೆಟ್ಟ ಅಂದವರಲ್ಲ" ಎನ್ನುತ್ತ ಬಾಗಿಲು ತೆಗೆದಳು.

ನಾನು ಎದ್ದು ಕೂತು, "ಬಾರಮ್ಮ, ಚಹಾ ಕುಡಿ" ಎಂದೆ.

ಮೆಟ್ಟಿಲ ಮೇಲೇ ಕುಸಿದಳು. ನೀರು ಕುಡಿಸಿದ ಮೇಲೆ ಕಣ್ಣೊರೆಸಿಕೊಂಡು ಸ್ವಲ್ಪ ಬೇಜಾರಿನಿಂದಲೇ ಅಂದಳು: "ಒಲೀ ಮ್ಯಾಲ ಪಲ್ಯ ಬಿಟ್ಟ ಬಂದಿದ್ನಿರಿ."

೨. ಮಂಚದ ಕೆಳಗೆ

ಇನ್ವರ್ಟರ್ ಮತ್ತು ಬ್ಯಾಟರಿಗೆ ಜಾಗ ಸಿಕ್ಕಿದ್ದು ನನ್ನ ಮಂಚದ ಕೆಳಗೆ. ವೈರ್‌ಮನ್ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋದ. ದಪ್ಪ ವೈರು, ಫ್ಯೂಜು ಎಲ್ಲ ಹಾಕಿ, "ಆಯಿ, ನಿಮ್ಮ ಮಷಿನ್ ಚಾಲೂ ಮಾಡ್ರಿ" ಎಂದ. ನಾನು ಮಲಗಿ ಮುಖವಾಡ ಬಿಗಿದೆ.

ತಗಡಿನ ಗೋಡೆಗೆ ನನ್ನ ಉಸಿರು ಬಡಿದು ಎರಡರಷ್ಟಾಯಿತು. ಒಳಗೆ ಹೋಗುವಾಗ ಸೀಟಿಯಂತೆ, ಹೊರಗೆ ಬರುವಾಗ ಯಾರೋ ಬಾವಿಯೊಳಗಿಂದ ನಿಟ್ಟುಸಿರು ಬಿಟ್ಟಂತೆ. ಕೆಳಗೆ ಸ್ಕ್ರೂಡ್ರೈವರಿನ ಸದ್ದು ನಿಂತಿತು. ಆಮೇಲೆ ಸಣ್ಣ ದನಿ: "ಆಯಿ, ಒಂದೀಟು ಉಸರಾಡೂದು ನಿಲ್ಲಸ್ರಿ. ಹೆದರಿಕಿ ಬರಾಕತ್ತೈತಿ."

ಮುಖವಾಡ ಸರಿಸಿ ಹೇಳಿದೆ: "ನಿಲ್ಲಿಸಿದರೆ ಇನ್ನೂ ಹೆದರ್ತೀಯ ಕಣಪ್ಪ."

೩. ಕೇಳಿದ್ದಕ್ಕೆಲ್ಲ ಹೂಂ

ಪರೀಕ್ಷೆಗೆಂದು ಕೊಕಟನೂರಿನಾಚೆ, ಪರಿಚಯದವರ ಕಬ್ಬಿನ ಹೊಲದ ಬದಿಗೆ ಗಾಡಿ ನಿಲ್ಲಿಸಿದೆವು. ಬರುವಾಗ ಎಲ್ಲಮ್ಮನ ಗುಡಿಯ ಮುಂದೆ ಗಾಡಿಪೂಜೆ ಆಗಿತ್ತು. ಬಾಗಿಲಿಗೆಲ್ಲ ಅರಿಶಿನದ ಭಂಡಾರ, ಮೇಲೊಂದು ಹಾರ. "ಹೊತ್ತು ಮುಳುಗೂತನ ಮಷಿನ್ ನಡದ್ರ ನಿಮ್ಮೂರಿಗೆ ಹೋಗೂದು ಪಕ್ಕಾ ಬೇ ಅವ್ವಾ" ಎಂದು ಮಗ ಸೊಸೆಯನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೊಲದವರ ಮನೆಗೆ ಊಟಕ್ಕೆ ಹೋದ.

ಮಧ್ಯಾಹ್ನ. ಗಾಳಿಯಿಲ್ಲದಿದ್ದರೂ ಕಬ್ಬಿನ ರವದಿ, ಆ ಒಣಗರಿ, ಸರಸರ ಎನ್ನುತ್ತಿತ್ತು. ನನ್ನ ಉಸಿರಿನ ಸದ್ದಿಗೆ ನನಗೇ ಮೈ ಜುಮ್ಮೆಂದಿತು. ಹಾಗೇ ಜೊಂಪು ಹತ್ತಿತು. ಎಚ್ಚರವಾದಾಗ ಬಾಗಿಲ ಹೊರಗೆ ಬಳೆಯ ಸದ್ದು.

"ಯವ್ವಾ, ಒಳಗ ಅದೀ ಅಂತ ಗೊತ್ತಾತು. ಉಸರ ಕೇಳಾಕತ್ತೈತಿ." ಕಬ್ಬು ಕಡಿಯುವ ಗುಂಪಿನ ಹೆಂಗಸು; ಬಾಗಿಲ ಭಂಡಾರ ಕಂಡು ಗುಡಿ ಅಂದುಕೊಂಡಂತಿತ್ತು. "ನನ್ನ ಮಗಳು ನರ್ಸ್ ಕಲೀತೀನಿ ಅಂತಾಳ. ಕಳಸಲೇನು?"

ಮಂಚದ ಕೆಳಗೆ ಇನ್ವರ್ಟರ್ ಕುಂಯ್ ಎಂದಿತು.

ಬ್ಯಾಟರಿ ಇಳಿಯುತ್ತಿದೆ ಎಂಬ ಸೂಚನೆ ಅದು. ಆಕೆ "ಆಗಲಿ ತಾಯಿ" ಎಂದಳು. ನನಗೆ ಕಣ್ಣೆದುರೇ ನನ್ನೂರು ದೂರ ಸರಿದಂತಾಯಿತು.

"ಅವರಪ್ಪ ಒಲ್ಲೆ ಅಂತಾನ. ಅವನ ಮಾತ ಕೇಳಲೇನು?"

ಕುಂಯ್.

ಹೊರಗೆ ಬಳೆ ಮತ್ತೆ ಸದ್ದಾಯಿತು. ಆಮೇಲೆ, "ಎರಡಕ್ಕೂ ಹೂಂ ಅಂದ್ರ ಹ್ಯಾಂಗ ಯವ್ವಾ? ನೀನೂ ನಮ್ಮತ್ತಿ ಹಂಗ ಮಾಡಾಕತ್ತಿ."

ಪರದೆ ಸರಿಸಿ ನೋಡಿದೆ. ಗಾಡಿಯ ಹೊರಗೋಡೆಯ ಪ್ಲಗ್ಗಿಗೆ ಯಾರೋ ಉದ್ದನೆಯ ಬೋರ್ಡು ಸಿಕ್ಕಿಸಿದ್ದರು. ಇಡೀ ಗುಂಪಿನ ಫೋನುಗಳು ಅದಕ್ಕೆ ತೋರಣದಂತೆ ನೇತಾಡುತ್ತಿದ್ದವು. ನನ್ನ ಬ್ಯಾಟರಿ ಕುಡಿಯುತ್ತಿದ್ದುದು ಅವು. ಮುಖವಾಡ ಕಿತ್ತೆ. ಗಂಟಲು ಒಣಗಿ ದನಿ ಗೊಗ್ಗರಾಗಿ ಬಂತು: "ಮಗಳನ್ನು ಕಳಿಸು. ಮೊದಲು ಆ ಫೋನುಗಳನ್ನೆಲ್ಲ ಕೀಳು."

ಪಟಪಟನೆ ಕಿತ್ತ ಸದ್ದು. ಕುಂಯ್ ನಿಂತಿತು. ಆಕೆ ಓಡುತ್ತ ಕೂಗಿದ್ದು ಕೇಳಿಸಿತು: "ಏ ಬರ್ರೇ, ಯವ್ವ ಮೈಸೂರ ಕಡೀ ಭಾಷಾ ಮಾತಾಡಾಕತ್ತಾಳ."

ಹೊತ್ತು ಮುಳುಗಿದಾಗಲೂ ಯಂತ್ರ ನಡೆಯುತ್ತಿತ್ತು. ಮಗ ಬಂದು ನೋಡಿ, "ಹೋಗೂಣು ನಡಿ ಅವ್ವಾ, ನಿಮ್ಮೂರಿಗೆ" ಎಂದ. ಮೆಟ್ಟಿಲ ಮೇಲೆ ತೆಂಗಿನಕಾಯಿ, ಹಸಿರು ಬಳೆ. ದೂರದಲ್ಲಿ ಮತ್ತಷ್ಟು ಹೆಂಗಸರು ಬರುತ್ತಿದ್ದರು. ನನಗೆ ಇನ್ನೊಂದು ಚಿಂತೆ ಹತ್ತಿತು. ಮೊಮ್ಮಗಳನ್ನು ಕರೆದು, ರಟ್ಟಿನ ತುಂಡೊಂದರ ಮೇಲೆ ಬರೆದು ಹೊಲದ ಬದಿಯ ಬೇವಿನ ಮರಕ್ಕೆ ಕಟ್ಟು ಎಂದೆ.

"ಏನ ಬರೀಲಿ ಆಯಿ?"

"ಬರಿ: ದೇವಿ ತವರಿಗೆ ಹೋಗ್ಯಾಳ. ಎರಡನೇ ಪ್ರಶ್ನಿಗೆ ಆಕಿ ಹೂಂ ಅಂದಿಲ್ಲ."