ನೂರಡಿಯೊಳಗಿನ ಅಂಗಡಿ

ಬೆಳಿಗ್ಗೆ ಮುಳ್ಳಣ್ಣ ಅಂಗಡಿಯ ಬೀಗ ತೆಗೆಯಲು ಹೋದರೆ ಬಾಗಿಲ ಮೇಲೆ ನೋಟೀಸು: 'ಪುರಾತನ ಸ್ಮಾರಕದ ನೂರಡಿಯೊಳಗೆ ಯಾವ ಅಂಗಡಿಯೂ ಇರಕೂಡದು. ಮಧ್ಯಾಹ್ನದೊಳಗೆ ಖಾಲಿ ಮಾಡತಕ್ಕದ್ದು.'

ಕೋಟೆಬಾಗಿಲಿಗೆ ವಿಶ್ವ ಪರಂಪರೆಯ ಪಟ್ಟ ಕೊಡಬಹುದೇ ಎಂದು ನೋಡಲು ಅಂದೇ ಮಧ್ಯಾಹ್ನ ತಜ್ಞೆಯೊಬ್ಬರು ಬರುವವರಿದ್ದರು. ಆ ಬಾಗಿಲ ಗೋಡೆಗೇ ಆತುಕೊಂಡಿತ್ತು ಮುಳ್ಳಣ್ಣನ ಗಡಿಯಾರ ರಿಪೇರಿ ಅಂಗಡಿ. ಗಡಿಯಾರದ ಮುಳ್ಳು ಕೂರಿಸುವ ಕಸುಬು, ಚುಚ್ಚುವ ಮಾತು, ಎರಡಕ್ಕೂ ಊರು ಇಟ್ಟಿದ್ದು ಅದೊಂದೇ ಹೆಸರು. ಅಪ್ಪ ಕೂತು ಸವೆಸಿದ ಸ್ಟೂಲು ಬಿಟ್ಟರೆ ಅವನಿಗೆ ಅನ್ನಕ್ಕೆ ಬೇರೆ ದಾರಿಯಿರಲಿಲ್ಲ.

"ಜಗ್ಗಲ್ಲ!" ಎಂದು ಮುಳ್ಳಣ್ಣ ನೋಟೀಸು ಹರಿದ. "ಕೋಟೆ ಕಟ್ಟಿದ ರಾಜನೇ ಎದ್ದು ಬಂದ್ರೂ ಈ ಸ್ಟೂಲು ಬಿಟ್ಟು ಏಳಲ್ಲ!"

ರಿಪೇರಿಗೆ ಕೊಟ್ಟ ವಾಚು ಕೇಳುವ ನೆಪದಲ್ಲಿ ದಿನವೂ ಬಂದು ಕೂರುವ ಚರಿತ್ರೆ ಮೇಷ್ಟ್ರು ತಲೆ ಹಾಕಿದರು. "ಕೂಗಾಡಿದ್ರೆ ಆಗಲ್ಲಪ್ಪ. ಕೋಟೆ ಜೊತೆಗೇ ಹುಟ್ಟಿದ ಅಂಗಡಿ ಅನ್ನು. ಆಮೇಲೆ ಮುಟ್ಟೋ ಧೈರ್ಯ ಯಾರಿಗಿದೆ?"

"ಮೊನ್ನೆ ತಾನೇ ಸುಣ್ಣ ಹೊಡೆಸಿದೀನಿ ಮೇಷ್ಟ್ರೇ!"

"ಚಹಾ ಬಳಿ. ಶಾಲೆ ನಾಟಕಕ್ಕೆ ಹಳೇ ಪತ್ರ ಎಲ್ಲಾ ಹಂಗೇ ಮಾಡಿಸ್ತಿದ್ದೆ ನಾನು."

ಮುಳ್ಳಣ್ಣನ ಹೆಂಡತಿ ಒಂದು ಬಕೆಟ್ ಚಹಾ ಕಾಸಿ ತಂದಳು. "ರೀ, ಅಭ್ಯಾಸ ಬಲ, ಸಕ್ಕರೆ ಹಾಕ್ಬಿಟ್ಟೆ."

"ಇರ್ಲಿ ಬಿಡೆ, ಗೋಡೆಗೇನು ಸಕ್ಕರೆ ಕಾಯಿಲೆಯಾ?"

ಬಳಿದಿದ್ದೇ ಬಳಿದಿದ್ದು. ಬೋರ್ಡು ಕಳಚಿ, ಟ್ಯೂಬ್‌ಲೈಟು ಬಚ್ಚಿಟ್ಟು, ಮೂಲೆಮೂಲೆಗೂ ಮಸಿ ಮೆತ್ತಿದರು. ತಜ್ಞೆ ಬರುವ ಹೊತ್ತಿಗೆ ಗೋಡೆಯ ತುಂಬ ಇರುವೆ ಸಾಲು.

ಭೂತಗನ್ನಡಿ ಹಿಡಿದು ನೋಡಿದ ತಜ್ಞೆ ಬರೆದುಕೊಳ್ಳತೊಡಗಿದರು. "ನಾನೂರು ವರ್ಷದ ಬಣ್ಣ! ಈ ಇರುವೆಗಳದ್ದೂ ತಲತಲಾಂತರದ ದಾರಿನೇ ಇರಬೇಕು."

"ಹೂಂ ಮತ್ತೆ! ನಮ್ಮ ಮುತ್ತಜ್ಜನ ಮುತ್ತಜ್ಜ ಇದೇ ಸ್ಟೂಲ್ ಮೇಲೆ ಕೂತು ರಾಜನ ಗಡಿಯಾರಕ್ಕೆ ಕೀಲಿ ಕೊಡ್ತಿದ್ದ," ಎಂದ ಮುಳ್ಳಣ್ಣ ಎದೆ ಸೆಟೆಸಿ.

"ಕೋಟೆಬಾಗಿಲಿಗೆ ಎಲ್ಲೆಲ್ಲೂ ಸಿಮೆಂಟು ಮೆತ್ತಿದೀರಿ. ಅಸಲಿ ಉಳಿದಿರೋದು ಈ ಅಂಗಡಿ ಒಂದೇ. ಇವತ್ತಿಂದಲೇ ಇದನ್ನ ಕಾಪಾಡಿ," ಎಂದು ತಜ್ಞೆ ಜೊತೆಗೆ ಬಂದಿದ್ದ ಅಧಿಕಾರಿಗೆ ಬರೆದುಕೊಟ್ಟು ಹೋದರು. ಬೆಳಿಗ್ಗೆ ನೋಟೀಸು ಅಂಟಿಸಿದ್ದ ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ಈಗ ಎಬ್ಬಿಸಿ ನೋಡೋಣ!" ಎಂದು ಅವನಿಗೆ ಕೇಳಿಸುವಂತೆ ಹೇಳಿ ಮುಳ್ಳಣ್ಣ ಊಟಕ್ಕೆ ಹೋದ. ಗೆದ್ದ ಖುಷಿಗೆ ಒಂದು ಒಳ್ಳೆ ನಿದ್ದೆಯನ್ನೂ ತೆಗೆದ.

ಸಂಜೆ ಬಂದರೆ ಅಂಗಡಿಯ ಸುತ್ತ ಹಗ್ಗ. ಅಧಿಕಾರಿ ಕೈ ಅಡ್ಡ ಹಿಡಿದ.

"ಪುರಾತನ ಸ್ಮಾರಕದ ನೂರಡಿಯೊಳಗೆ ಅಂಗಡಿ ಇರಕೂಡದು. ಈಗ ಇದೇ ಸ್ಮಾರಕ. ನಿಮ್ಮ ಅಂಗಡಿ ನೂರಡಿ ಆಚೆ ಇಟ್ಕೊಳ್ಳಿ."

"ನನ್ನ ಸ್ಟೂಲು?"

"ರಾಜನ ಕಾಲದ್ದಲ್ವಾ? ಪಟ್ಟಿಗೆ ಸೇರಿದೆ."

"ಎಲ್ಲಾ ಸುಳ್ಳು ಕಣ್ರೀ! ಅದು ಬಣ್ಣ ಅಲ್ಲ, ಚಹಾ!"

"ತಜ್ಞರಿಗಿಂತ ನಿಮಗೆ ಜಾಸ್ತಿ ಗೊತ್ತೋ?"

ಮುಳ್ಳಣ್ಣ ಹಗ್ಗದಡಿ ನುಸುಳಿ ಗೋಡೆಯನ್ನು ನೆಕ್ಕಿಯೇಬಿಟ್ಟ. "ಸಿಹಿ! ಬನ್ನಿ, ನೀವೂ ನೆಕ್ಕಿ ನೋಡಿ!"

ಕಾವಲುಗಾರ ಸೀಟಿ ಊದಿ ಅವನನ್ನು ಹೊರಕ್ಕೆಳೆದ. ಬೋರ್ಡು ಬರೆಯುತ್ತಿದ್ದವನು 'ಮುಟ್ಟಬಾರದು' ಎಂಬುದರ ಕೆಳಗೆ 'ನೆಕ್ಕಬಾರದು' ಎಂದು ಸೇರಿಸಿದ.

ಮುಳ್ಳಣ್ಣ ಅಡಿ ಎಣಿಸುತ್ತ ಹೋಗಿ ನೂರೊಂದನೆಯ ಅಡಿಯಲ್ಲಿ ಬರೀ ನೆಲದ ಮೇಲೆ ಕೂತ. "ಜಗ್ಗಲ್ಲ!"

ಅಷ್ಟರಲ್ಲಿ ಮೇಷ್ಟ್ರು ಬಂದರು. "ಹೇಗಿತ್ತು ನನ್ನ ಐಡಿಯಾ? ಅಂದಹಾಗೆ, ನನ್ನ ವಾಚು ಆಯ್ತೇನಪ್ಪ?"

"ಆಯ್ತಲ್ಲ ಮೇಷ್ಟ್ರೇ. ರಾಜನ ವಾಚು ಅಂತ ಒಳಗಿಟ್ಟಿದಾರೆ. ಹಗ್ಗದಾಚೆ ನಿಂತ್ಕೊಂಡು ಟೈಮ್ ನೋಡ್ಕೊಳ್ಳಿ."