ಬಾಯ್ಲರ್ ಬೀಗರು

ಹಿಮದ ಬೆಟ್ಟಗಳ ನಡುವಿನ ನಾರಿನ್ ಊರಿನಲ್ಲಿ ಮನೆ ಬೆಚ್ಚಗೆ ಮಾಡಿಕೊಡುತ್ತೇನೆಂದು ಹೇಳಿಕೊಂಡು ತಿರುಗುವವರಲ್ಲಿ ಒಬ್ಬನಿಗಾದರೂ ನೆಟ್ಟಗೆ ಕೆಲಸ ಬರುತ್ತದೆ ಎನ್ನುವುದನ್ನು ಎಸೆನ್‌ಕುಲ್ ಮೇಷ್ಟ್ರು ಒಪ್ಪುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿ ನಿವೃತ್ತರಾದ ಅವರಿಗೆ ಊರಿನ ಅರ್ಧ ಜನ ಹಳೆಯ ಶಿಷ್ಯರು. ನಲ್ಲಿ ರಿಪೇರಿಯವನನ್ನು ಕಂಡರೆ “ಇವನಿಗೆ ಉತ್ತರ ದಿಕ್ಕು ಯಾವ ಕಡೆ ಅಂತ ಗೊತ್ತಿರಲಿಲ್ಲ” ಎನ್ನುತ್ತಿದ್ದರು. ಕರೆಂಟಿನವನನ್ನು ಕಂಡರೆ “ಕಾಸ್ಪಿಯನ್ ಸಮುದ್ರವನ್ನ ಆಫ್ರಿಕಾಕ್ಕೆ ಸಾಗಿಸಿದ ಪುಣ್ಯಾತ್ಮ” ಎನ್ನುತ್ತಿದ್ದರು. (ಇವರಿಗೆಲ್ಲ ಪಾಠ ಹೇಳಿದ ಮೇಷ್ಟ್ರು ಯಾರು ಎಂದು ಹೆಂಡತಿ ಜೂರಾಕನ್ ಒಮ್ಮೆ ಕೇಳಿದ್ದಳು. ಅವತ್ತು ಮೇಷ್ಟ್ರು ಊಟ ಮಾಡಲಿಲ್ಲ.)

ಆದರೆ ಆ ವರ್ಷ ಯಾರನ್ನಾದರೂ ಕರೆಯದೆ ಗತಿಯಿರಲಿಲ್ಲ. ಮನೆಯ ನಡುವಿನ ಇಟ್ಟಿಗೆ ಒಲೆ ಬಿರುಕು ಬಿಟ್ಟು, ಕಲ್ಲಿದ್ದಲಿನ ಶಾಖವನ್ನು ಆಕಾಶಕ್ಕೂ ಹೊಗೆಯನ್ನು ಮನೆಯೊಳಕ್ಕೂ ಹಂಚುತ್ತಿತ್ತು. ಅದೇ ಹೊತ್ತಿಗೆ ಸೊಸೆ ಐಜಿರೆಕ್ ಕೊಚ್ಕೋರಿನ ತವರಿನಲ್ಲಿ ಗಂಡು ಮಗು ಹೆತ್ತಳು. ಮಗುವಿಗೆ ತೊಟ್ಟಿಲು ತರುವುದು ತಾಯಿಯ ಕಡೆಯವರ ಹಕ್ಕು. ಬೀಗಿತ್ತಿ ಸಬಿರಾ ಫೋನು ಮಾಡಿ ಆ ಹಕ್ಕನ್ನು ಚಲಾಯಿಸಿದಳು.

“ನವೆಂಬರ್ ಮೊದಲನೇ ಭಾನುವಾರ ತೊಟ್ಟಿಲು, ತಾಯಿ, ಮಗು ಮೂರನ್ನೂ ಕರ್ಕೊಂಡು ಬರ್ತೀವಿ. ಮನೆ ಬೆಚ್ಚಗಿದ್ರೆ ಬಿಟ್ಟು ಹೋಗ್ತೀವಿ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ ಬೀಗರೇ, ವಾಪಸ್ಸು ಕರ್ಕೊಂಡು ಹೋಗ್ತೀನಿ. ವಸಂತ ಬಂದ್ಮೇಲೆ ನೋಡೋಣ.”

ನಾರಿನ್‌ನಲ್ಲಿ ವಸಂತ ಬರುವುದು ಏಪ್ರಿಲ್ ಕೊನೆಗೆ, ಅದೂ ಮನಸ್ಸಿದ್ದರೆ. ಅಷ್ಟು ಹೊತ್ತಿಗೆ ಮಗು ಕೊಚ್ಕೋರಿನ ಅಜ್ಜನ ಗಡ್ಡ ಹಿಡಿದು ಎಳೆಯುತ್ತಿರುತ್ತದೆ. ಫೋನಿನಲ್ಲಿ ಕಂಡ ಆ ಕೆಂಪು ಮುಖದ ಮೇಲೆ ಮೇಷ್ಟ್ರಿಗೆ ಪ್ರಾಣ. ತಮ್ಮ ಗಡ್ಡ ಯಾರೂ ಎಳೆಯದೆ ಒಂದು ಚಳಿಗಾಲ ಪೂರ್ತಿ ಕೂರಬೇಕು ಎಂಬ ಯೋಚನೆಗೇ ಅವರ ಕಣ್ಣು ಒದ್ದೆಯಾಯಿತು. ಅದನ್ನೂ ಅವರು ಒಲೆಯ ಹೊಗೆಯ ತಲೆಗೆ ಕಟ್ಟಿದರು.

ಮೊದಲು ಬಂದವನು ಎರ್ನಿಸ್. ರಾಜಧಾನಿಯ ಯಾವುದೋ ಕಂಪನಿಯ ‘ಹವಾಮಾನ ತಜ್ಞ’. ಅಕ್ಟೋಬರಿನ ಮಂಜಿನಲ್ಲಿ ತೆಳ್ಳನೆಯ ಬೂಟು ಹಾಕಿಕೊಂಡು ಬಂದ. ಮೇಷ್ಟ್ರು ಬೂಟು ನೋಡಿದಾಗಲೇ ತೀರ್ಪು ಬರೆದು ಮುಗಿಸಿದ್ದರು.

“ಇದೊಂದೇ ಯಂತ್ರ ಮೇಷ್ಟ್ರೇ. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ.”

“ಬೇಸಿಗೆ ಅಂದ್ರೆ ಯಾವುದಪ್ಪಾ? ಜುಲೈನಲ್ಲಿ ಮೂರು ದಿನ ಬಂದು ಹೋಗತ್ತಲ್ಲ, ಅದಾ?”

“ಹೊರಗಿನ ಗಾಳಿಯಿಂದಲೇ ಶಾಖ ಎಳ್ಕೊಳ್ಳತ್ತೆ.”

“ಮೈನಸ್ ಮೂವತ್ತೈದರ ಗಾಳಿಯಿಂದ?”

ಎರ್ನಿಸ್ ಕಾಗದ ತಿರುವಿದ. “ಮೈನಸ್ ಹದಿನೈದರ ತನಕ ಅಂತ ಇದೆ.”

“ಮಿಕ್ಕ ಇಪ್ಪತ್ತು ಡಿಗ್ರಿಗೆ ನೀನು ಬಂದು ಊದ್ತೀಯಾ?”

ಎರ್ನಿಸ್ ಬಣ್ಣಬಣ್ಣದ ಕಾಗದಗಳನ್ನು ಬಿಟ್ಟು ಹೋದ. ಜೂರಾಕನ್ ಅದರ ಮೇಲೆ ಮೊಸರಿನ ಉಂಡೆ ಒಣಗಿಸಿದಳು. ಆ ಕಂಪನಿಯಿಂದ ಆ ಮನೆಗೆ ಆದ ಉಪಕಾರ ಅಷ್ಟೇ.

ಎರಡನೆಯವನು ಪಕ್ಕದ ಬೀದಿಯಲ್ಲಿ ಒಲೆ ಕಟ್ಟುವವನು. ಒಳಗೆ ಬಂದು ಒಲೆಯನ್ನು ಮೂರು ಸಲ ಬಡಿದು, ಕಿವಿಯಿಟ್ಟು ಕೇಳಿ, “ಇದನ್ನ ಕಟ್ಟಿದವನು ಯಾವ ಕತ್ತೆ?” ಎಂದ. ಕಟ್ಟಿದವರು ಮೇಷ್ಟ್ರ ತಂದೆ. ಅವನಿಗೆ ಚಹಾ ಕೂಡ ಸಿಗಲಿಲ್ಲ, ಮತ್ತು ಆ ಊರಿನಲ್ಲಿ ಬಂದವರನ್ನು ಚಹಾ ಕೊಡದೆ ಕಳಿಸುವುದೆಂದರೆ ನಾಯಿ ಬಿಟ್ಟು ಓಡಿಸಿದ್ದಕ್ಕೆ ಸಮ.

ಭಾನುವಾರಕ್ಕೆ ಐದೇ ದಿನ ಉಳಿಯಿತು. ಮಗ ಗಣಿಯಲ್ಲಿ ಹದಿನೈದು ದಿನದ ಪಾಳಿಗೆ ಹೋಗಿದ್ದ. ಕೊನೆಗೆ ಜೂರಾಕನ್ನೇ ಶಾಲು ಸುತ್ತಿಕೊಂಡು ಪೇಟೆಗೆ ಹೋಗಿ, ಬ್ರೆಡ್ಡಿನ ಅಂಗಡಿಯ ಬಾಯ್ಲರ್ ರಿಪೇರಿ ಮಾಡುತ್ತಿದ್ದ ಒಬ್ಬನನ್ನು ಕರೆದುಕೊಂಡು ಬಂದಳು. ಹೆಸರು ಬೆಕ್ತೆಮಿರ್. ಪರದೇಶದ ಓಮ್ಸ್ಕ್‌ನಲ್ಲಿ ಹನ್ನೊಂದು ವರ್ಷ ಬಾಯ್ಲರಿನ ಕೆಲಸ ಮಾಡಿ ಬಂದವನು. ವಯಸ್ಸು ನಲವತ್ತು, ಮಾತು ದಿನಕ್ಕೆ ನಾಲ್ಕು.

ಬೆಕ್ತೆಮಿರ್ ಬಂದ ದಿನವೇ ಹಳೆಯ ಒಲೆ ಒಡೆದು ಹೊರಗೆ ಹಾಕಿದ. ಬಾಗಿಲ ಬಳಿಯ ಅಡುಗೆಮನೆಯಲ್ಲಿ ಬಾಯ್ಲರ್ ನಿಲ್ಲಿಸಿದ. ಒಳಗಿನ ಅತಿಥಿ ಕೋಣೆಯ ತನಕ ಪೈಪುಗಳನ್ನು ಅಳೆದು ಕತ್ತರಿಸಿ ಸಾಲಾಗಿ ಮಲಗಿಸಿದ. ಮಧ್ಯೆ ಸಿಗರೇಟು ಸೇದಲಿಲ್ಲ, ಹಾಡು ಹಾಕಲಿಲ್ಲ, ‘ಈ ಸಾಮಾನು ನಾಳೆ ಬರತ್ತೆ’ ಅನ್ನಲಿಲ್ಲ. ಮೇಷ್ಟ್ರು ಇಡೀ ದಿನ ಅವನ ಹಿಂದೆ ಹಿಂದೆ ಓಡಾಡಿದರೂ ಬೈಯುವುದಕ್ಕೆ ಒಂದು ತಪ್ಪು ಸಿಗಲಿಲ್ಲ. ಅವರಿಗೆ ಇದಕ್ಕಿಂತ ದೊಡ್ಡ ಹಿಂಸೆ ಇನ್ನೊಂದಿಲ್ಲ.

ಮರುದಿನ ಚಹಾದ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ.

“ಏನಪ್ಪಾ, ಓಮ್ಸ್ಕ್‌ನಲ್ಲಿ ಬಾಯ್ಲರ್ ಕಲ್ತೆ, ಸಂತೋಷ. ಏಳು ತಲೆಮಾರಿನ ತಂದೆಯರ ಹೆಸರು ನೆನಪಿದೆಯಾ? ಇಲ್ಲಾ ಅದನ್ನ ಅಲ್ಲೇ ಚರಂಡಿಗೆ ಬಿಟ್ಟು ಬಂದೆಯಾ?”

ಜೂರಾಕನ್ ಕಣ್ಣು ಬಿಟ್ಟು ಗಂಡನನ್ನು ನೋಡಿದಳು. ಮೇಷ್ಟ್ರು ಸೀಲಿಂಗ್ ನೋಡಿದರು. ಬೆಕ್ತೆಮಿರ್ ಬಟ್ಟಲು ಕೆಳಗಿಟ್ಟು, ಕೈ ಒರೆಸಿಕೊಂಡು, ಒಲ್ಲದ ಮನಸ್ಸಿನಿಂದ ಶುರು ಮಾಡಿದ.

“ನಮ್ಮಪ್ಪ ಸಾತಾರ್. ಅವರಪ್ಪ ಮೊಲ್ದೊಕನ್. ಅವರಪ್ಪ ಚೊರೊ...”

“ಯಾವ ಚೊರೊ?” ಎಂದಳು ಜೂರಾಕನ್. ಅವಳ ಕೈಯ ಚಹಾ ಪಾತ್ರೆ ಗಾಳಿಯಲ್ಲೇ ನಿಂತಿತು. “ಕೊಚ್ಕೋರಿನ ಚೊರೊನಾ? ನಮ್ಮ ಐಜಿರೆಕ್‌ನ ಮುತ್ತಜ್ಜ?”

“ಹೌದಮ್ಮಾ. ನಮ್ಮಜ್ಜ, ಅವಳಜ್ಜ ಅಣ್ಣತಮ್ಮಂದಿರು. ಅವಳು ನಂಗೆ ತಂಗಿ ಆಗ್ಬೇಕು. ಮದುವೆ ಹೊತ್ತಿಗೆ ನಾನು ಓಮ್ಸ್ಕ್‌ನಲ್ಲಿದ್ದೆ.” ಅವನು ತನ್ನ ಸ್ಪ್ಯಾನರನ್ನು ದುಃಖದಿಂದ ನೋಡಿದ. “ನಿನ್ನೆ ಗೋಡೆ ಮೇಲಿನ ಮದುವೆ ಫೋಟೋ ನೋಡಿದ ಕೂಡಲೇ ಗೊತ್ತಾಯ್ತು. ಕೆಲಸ ಮುಗಿದ್ಮೇಲೆ ಹೇಳೋಣ ಅಂತಿದ್ದೆ. ನಾಳೆ ಸಂಜೆಗೆ ಮುಗೀತಿತ್ತು.”

ಮುಗಿಯಲಿಲ್ಲ. ಆ ಗಳಿಗೆಯಿಂದ ‘ನೀನು’ ಹೋಗಿ ‘ತಾವು’ ಬಂತು. ಕೈಯಲ್ಲಿದ್ದ ಸ್ಪ್ಯಾನರ್ ಹೋಗಿ ಕುರಿಯ ತೊಡೆ ಬಂತು. ಅತಿಥಿ ಕೋಣೆಯಲ್ಲಿ, ಬಾಗಿಲಿಗೆ ಅತ್ಯಂತ ದೂರದ, ಹಿರಿಯರಿಗೆ ಮೀಸಲಾದ ಮೇಲುಜಾಗದಲ್ಲಿ ಐದು ಕೌದಿ ಹಾಸಿ ಬೆಕ್ತೆಮಿರ್‌ನನ್ನು ಕೂರಿಸಿದರು. ಹೆಗಲಿಗೆ ಹೊಸ ನಿಲುವಂಗಿ ಹೊದಿಸಿದರು. ಬೀಗರು ಕೆಲಸ ಮಾಡುವಂತಿಲ್ಲ, ಬಂದವರು ಮೂರು ದಿನ ಉಣ್ಣದೆ ಹೋಗುವಂತಿಲ್ಲ. ಬೀಗರ ಕೈಯಲ್ಲಿ ಪೈಪು ಹಾಕಿಸಿದ ಮನೆ ಅಂತ ಕೊಚ್ಕೋರಿಗೆ ಸುದ್ದಿ ಮುಟ್ಟಿದರೆ, ಮಗು ಏಪ್ರಿಲ್‌ಗಲ್ಲ, ಶಾಲೆಗೆ ಸೇರುವ ಹೊತ್ತಿಗೆ ಬರುತ್ತದೆ.

ಅಡುಗೆಮನೆಯಲ್ಲಿ ಜೂರಾಕನ್ ಗಂಡನನ್ನು ಬಾಯ್ಲರಿಗೆ ಒತ್ತಿ ನಿಲ್ಲಿಸಿದಳು.

“ಎರಡು ದಿನ ಬಾಯಿ ಮುಚ್ಕೊಂಡಿರಕ್ಕೆ ಆಗ್ಲಿಲ್ವಾ ನಿಮ್ಗೆ? ಪೈಪು ಜೋಡಿಸಿದ್ಮೇಲೆ ಹದಿನಾಲ್ಕು ತಲೆಮಾರು ಕೇಳಿದ್ರೂ ನಡೀತಿತ್ತು.”

“ಕೇಳೋದು ಪದ್ಧತಿ ಕಣೇ.”

“ಪದ್ಧತಿ ಏನಲ್ಲ. ಅವನಿಗೆ ಏನೋ ಒಂದು ಬರಲ್ಲ ಅಂತ ತೋರಿಸ್ಬೇಕಿತ್ತು ತಮಗೆ.”

“ಬೇರೆ ಯಾರನ್ನಾದ್ರೂ ಕರೆದ್ರೆ...”

“ಬೀಗರು ಕೈ ಹಾಕಿದ ಕೆಲಸಕ್ಕೆ ಬೇರೆಯವನನ್ನ ಕರೆಯೋದಾ? ಇನ್ನೂ ಯಾವ ಅವಮಾನ ಬಾಕಿ ಇದೆ? ತಗೊಳ್ಳಿ.” ಸ್ಪ್ಯಾನರನ್ನು ಅವರ ಕೈಗೆ ಇಟ್ಟಳು. “ಎಲ್ಲರಿಗೂ ಬುದ್ಧಿ ಹೇಳ್ತಿದ್ರಲ್ಲ ಮೇಷ್ಟ್ರೇ, ಈಗ ಮಾಡಿ ತೋರಿಸಿ.”

ಮೇಷ್ಟ್ರು ಮಾಡಿ ತೋರಿಸಿದರು. ಅರವತ್ತಾರನೆಯ ವಯಸ್ಸಿನಲ್ಲಿ ನೆಲದ ಮೇಲೆ ಅಂಗಾತ ಮಲಗಿ ಪೈಪು ಜೋಡಿಸಿದರು. ಮೇಲುಜಾಗದಲ್ಲಿ ನಿಲುವಂಗಿ ಹೊದ್ದು ಕೂತ ಬೆಕ್ತೆಮಿರ್ ಚಹಾ ಹೀರುತ್ತ ನೋಡಿದ. ಒಂದೊಂದು ತಿರುಪು ಬಿಗಿಯುವಾಗಲೂ ಅವನ ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ತಿರುಗುತ್ತಿದ್ದವು.

“ಬೀಗರೇ,” ಎಂದ ಕೊನೆಗೆ, ಅಂಜುತ್ತ. “ಆ ಕೆಳಗಿನ ಪೈಪು ಬಾಯ್ಲರ್ ಕಡೆಗೆ ಸ್ವಲ್ಪ ಇಳಿಜಾರಾಗಿದ್ರೆ... ಒಂದೆರಡು ಬೆರಳಷ್ಟು...”

ಮೇಷ್ಟ್ರು ಮಲಗಿದಲ್ಲಿಂದಲೇ ನಕ್ಕರು. ಇಷ್ಟು ದಿನಕ್ಕೆ ಒಂದು ತಪ್ಪು ಸಿಕ್ಕಿತ್ತು.

“ಬಾಯ್ಲರ್ ಕಡೆಗಾ? ಬಿಸಿನೀರು ಹೋಗ್ಬೇಕಾದ್ದು ಈ ಕೋಣೆಗೆ. ಇಳಿಜಾರೂ ಈ ಕೋಣೆ ಕಡೆಗೇ ಇರ್ಬೇಕು. ಮೂವತ್ತನಾಲ್ಕು ವರ್ಷ ನಾರಿನ್ ನದಿ ಪಾಠ ಮಾಡಿದ್ದೀನಿ ಬೀಗರೇ. ಒಂದು ಸಲವೂ ಅದು ಬೆಟ್ಟ ಹತ್ತಿ ವಾಪಸ್ಸು ಬರ್ಲಿಲ್ಲ.”

ಬೆಕ್ತೆಮಿರ್ ಬಟ್ಟಲು ಕೆಳಗಿಟ್ಟ. “ತಾವು ದೊಡ್ಡವರು. ತಾವು ಹೇಳಿದ್ಮೇಲೆ ಇನ್ನೇನು” ಎಂದು ತಟ್ಟೆಗೆ ಕೈ ಹಾಕಿದ. ಆ ಪೈಪು ಜೋಡಿಸಿ ಮುಗಿಸುವಷ್ಟರಲ್ಲಿ ಅವನು ಹನ್ನೊಂದು ಬೊರ್ಸೊಕ್ ತಿಂದಿದ್ದ. ಕರಿದ ಹಿಟ್ಟಿನ ತುಂಡನ್ನು ಅಷ್ಟು ಸಂಕಟದಿಂದ ಯಾರೂ ತಿಂದದ್ದಿಲ್ಲ.

ಶನಿವಾರ ಬಾಯ್ಲರ್ ಹಚ್ಚಿದರು. ಅಡುಗೆಮನೆಯಲ್ಲಿ ಜೂರಾಕನ್ ಶಾಲು ತೆಗೆದಳು, ಆಮೇಲೆ ಸ್ವೆಟರೂ ತೆಗೆದಳು. ಒಳಗಿನ ಕೋಣೆಗೆ ಹೋಗಿ ಎರಡನ್ನೂ ಮತ್ತೆ ಹಾಕಿಕೊಂಡಳು.

“ಇಲ್ಲಿ ಬಿಸಿ ಬಂದೇ ಇಲ್ವಲ್ರೀ.”

“ದೂರ ಇದೆ ಕಣೇ. ನೀರು ತಲುಪೋಕೆ ಹೊತ್ತು ಬೇಕು.”

“ಕೊಚ್ಕೋರಿನವರು ಅದಕ್ಕಿಂತ ಮುಂಚೆ ತಲುಪ್ತಾರೆ.”

ಭಾನುವಾರ ಬೆಳಿಗ್ಗೆ, ಮೊಣಕಾಲುದ್ದ ಹಿಮದಲ್ಲಿ, ಅವರೇ ಮುಂಚೆ ತಲುಪಿದರು. ಮುಂದೆ ತೊಟ್ಟಿಲು, ಅದರ ಹಿಂದೆ ಸಬಿರಾ, ಕಂಬಳಿಯ ಗಂಟಿನೊಳಗೆ ಮಗುವನ್ನು ಎತ್ತಿಕೊಂಡ ಐಜಿರೆಕ್, ಕೊನೆಗೆ ಅವಳ ಎಪ್ಪತ್ತೆಂಟು ವರ್ಷದ ದೊಡ್ಡಪ್ಪ. ಮದುವೆಯಲ್ಲಿ ತಮ್ಮನ್ನು ಎರಡನೆಯ ಜಾಗದಲ್ಲಿ ಕೂರಿಸಿದರೆಂದು ಊಟ ಬಿಟ್ಟು ಎದ್ದು ಹೋಗಿದ್ದ ದೊಡ್ಡಪ್ಪ ಇವರೇ. ಮೇಷ್ಟ್ರು ಗೇಟಿನಲ್ಲೇ ಭಾಷಣ ಶುರು ಮಾಡಿದರು.

“ಈ ಊರಿನ ಕಂಟ್ರಾಕ್ಟರುಗಳನ್ನ ನಂಬಿದ್ರೆ ಹೆಪ್ಪುಗಟ್ಟಿ ಸಾಯ್ಬೇಕು. ಒಬ್ಬನನ್ನೂ ಹತ್ತಿರ ಸೇರಿಸ್ಲಿಲ್ಲ. ಒಂದೊಂದು ತಿರುಪೂ ನನ್ನ ಕೈಯಿಂದಲೇ ಬಿಗಿದಿದ್ದು. ಬೆಕ್ತೆಮಿರ್ ಬೀಗರಿದ್ರು, ಅವರಿಗೆ ಒಂದು ಬೆರಳೂ ಆಡಿಸೋಕೆ ಬಿಡ್ಲಿಲ್ಲ.”

ಅಡುಗೆಮನೆ ದಾಟುವಾಗ ಸಬಿರಾ ಕೋಟು ಬಿಚ್ಚಿ, ಗೋಡೆ ಮುಟ್ಟಿ ನೋಡಿ ತಲೆಯಾಡಿಸಿದಳು. ಮೇಷ್ಟ್ರ ಎದೆ ಉಬ್ಬಿತು. ಆಮೇಲೆ ಎಲ್ಲರೂ ಅತಿಥಿ ಕೋಣೆಗೆ ಬಂದರು. ಸಬಿರಾ ಮಾತಾಡಲು ಬಾಯಿ ತೆರೆದಾಗ ಮಾತಿಗಿಂತ ಮುಂಚೆ ಹಬೆ ಬಂತು. ಬಟ್ಟಲಲ್ಲಿದ್ದ ಹಣ್ಣಿನ ಪಾಕಕ್ಕೆ ಚಮಚ ಇಳಿಯಲಿಲ್ಲ. ದೊಡ್ಡಪ್ಪ ರೇಡಿಯೇಟರ್ ಮುಟ್ಟಿ, ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡರು.

“ದೊಡ್ಡವರು ಮೇಲೆ ಬನ್ನಿ” ಎಂದರು ಮೇಷ್ಟ್ರು.

“ನಂಗ್ಯಾಕಪ್ಪಾ ಮೇಲುಜಾಗ” ಎಂದರು ದೊಡ್ಡಪ್ಪ. “ನಾನಿನ್ನೂ ಚಿಕ್ಕವನು. ಬಾಗಿಲ ಹತ್ರ ಕೂರ್ತೀನಿ.” ಕೂತರು. ಸ್ವಲ್ಪ ಹೊತ್ತಿಗೆ ಬಾಗಿಲ ಹತ್ತಿರಕ್ಕೂ ತಾವು ಯೋಗ್ಯರಲ್ಲ ಎನ್ನಿಸಿ, ಕೌದಿ ಎಳೆದುಕೊಂಡು ಅಡುಗೆಮನೆಗೆ ಹೋದರು. ಸಬಿರಾ, “ಹೆಂಗಸರಿಗೆ ಒಲೆ ಹತ್ರವೇ ಚೆಂದ” ಎಂದು ತೊಟ್ಟಿಲು ಎತ್ತಿಸಿದಳು. ಐಜಿರೆಕ್ ಮಗುವಿನ ಜೊತೆ ಹೊರಟಳು. ಬೆಕ್ತೆಮಿರ್ ಕೂಡ ನಿಲುವಂಗಿ ಬಿಗಿದುಕೊಂಡು ಎದ್ದ. ಕೊಚ್ಕೋರಿನ ಜನಕ್ಕೆ ಅಷ್ಟೊಂದು ವಿನಯ ಇದೆಯೆಂದು ಅವತ್ತಿನ ತನಕ ಯಾರಿಗೂ ಗೊತ್ತಿರಲಿಲ್ಲ.

ಬೇಯಿಸಿದ ಕುರಿಯ ತಲೆಯನ್ನು ಮೇಲುಜಾಗದಲ್ಲಿ ಕೂತವರ ಮುಂದೆ ಇಡಬೇಕು. ಅಲ್ಲಿ ಕೂತಿದ್ದವರು ಮೇಷ್ಟ್ರೊಬ್ಬರೇ. ಜೂರಾಕನ್ ತಂದು ಅವರ ಮುಂದೆಯೇ ಇಟ್ಟಳು. ಅವರೂ ಕುರಿಯೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಡುಗೆಮನೆಯ ಮಾತು ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ನೀನಿದ್ದೂ ಹೀಗಾಯ್ತಲ್ಲೋ ಬೆಕ್ತೆಮಿರ್” ಎಂದಳು ಸಬಿರಾ.

“ಇಳಿಜಾರು ತಿರುಗುಮುರುಗಾಗಿದೆ. ತಣ್ಣಗಾದ ನೀರು ಬಾಯ್ಲರಿಗೆ ವಾಪಸ್ಸು ಬರ್ತಿಲ್ಲ, ಆ ತುದೀಲಿ ಗಾಳಿ ಸಿಕ್ಕಾಕ್ಕೊಂಡಿದೆ.”

“ಯಾವಾಗ ಗೊತ್ತಾಯ್ತು?”

“ಅವರು ಪೈಪು ಎತ್ತಿ ಹಿಡಿದಾಗಲೇ.”

“ಮತ್ತೆ ಹೇಳಬಾರದಿತ್ತಾ?”

“ಕೆಲಸದವನಾಗಿದ್ರೆ ಹೇಳ್ತಿದ್ದೆ. ಬೀಗನಾದ್ಮೇಲೆ ಹೇಗೆ ಹೇಳ್ಲಿ?”

ಒಳಗೆ ಮೇಷ್ಟ್ರು ಬಾಗಿಲ ಕಡೆಗೇ ಕಿವಿ ಕೊಟ್ಟಿದ್ದರು. ಈಗ ಸಬಿರಾ ಕೋಟು ಹಾಕಿಕೊಳ್ಳುತ್ತಾಳೆ, ತೊಟ್ಟಿಲು ಎತ್ತಿಸುತ್ತಾಳೆ, ತಮ್ಮ ಬಾಯಿಯ ದೆಸೆಯಿಂದ ಮಗು ಹೊರಟೇ ಹೋಗುತ್ತದೆ ಎಂದು ಅವರಿಗೆ ಅಳು ಬಂತು. ಈ ಸಲ ತಲೆಗೆ ಕಟ್ಟಲು ಹೊಗೆಯೂ ಇರಲಿಲ್ಲ.

“ಈಗ ಬಿಚ್ಚಿ ಸರಿ ಮಾಡೋಕೆ ಆಗಲ್ವಾ?” ಎಂದಳು ಜೂರಾಕನ್.

“ನೀರು ಖಾಲಿ ಮಾಡಿದ್ರೆ ಎರಡು ದಿನ ಅಡುಗೆಮನೆಯೂ ತಣ್ಣಗಾಗತ್ತೆ. ಮಗು ಇದೆಯಲ್ಲಮ್ಮಾ. ಏಪ್ರಿಲ್‌ನಲ್ಲಿ ನೋಡೋಣ.”

ಸಬಿರಾ ಮಗುವಿನ ಪಾದ ಮುಟ್ಟಿ ನೋಡಿದಳು. “ಅಡುಗೆಮನೆ ಚೆನ್ನಾಗಿ ಬೆಚ್ಚಗಿದೆ. ತೊಟ್ಟಿಲು ಇಲ್ಲೇ ಇರ್ಲಿ. ಐಜಿರೆಕ್ಕೂ ತಾವೂ ಇಲ್ಲೇ ಮಲ್ಕೊಳ್ಳಿ ಬೀಗಿತ್ತಿ. ಅಷ್ಟಕ್ಕೆ ಜಾಗ ಸರಿ ಹೋಗತ್ತೆ.”

“ಮತ್ತೆ ನಾನು?” ಎಂದು ಒಳಗಿನಿಂದ ಧ್ವನಿ ಬಂತು.

“ತಾವು ಮನೆ ಯಜಮಾನ್ರು ಬೀಗರೇ. ತಮ್ಮ ಜಾಗ ತಮಗೇ ಇರ್ಲಿ.”

ಆ ಚಳಿಗಾಲ ಪೂರ್ತಿ ಎಸೆನ್‌ಕುಲ್ ಮೇಷ್ಟ್ರು ಗೌರವದ ಜಾಗದಲ್ಲಿ, ಏಳು ಕೌದಿಯ ಕೆಳಗೆ, ಟೊಪ್ಪಿ ಹಾಕಿಕೊಂಡೇ ಮಲಗಿದರು. ಬೆಳಕು ಹರಿದ ಕೂಡಲೇ ಅಡುಗೆಮನೆಗೆ ಓಡಿ ಬಂದು, ಬಾಗಿಲ ಪಕ್ಕ ಎಲ್ಲರೂ ಬೂಟು ಬಿಡುವ ಮೂಲೆಯಲ್ಲಿ ಕೂರುತ್ತಿದ್ದರು. ತೊಟ್ಟಿಲು ಅಲ್ಲಿಗೆ ಕೈಗೆಟಕುವಷ್ಟು ಹತ್ತಿರ. ಜನವರಿಯಲ್ಲಿ ಒಂದು ದಿನ ಎರ್ನಿಸ್ ಹೊಸ ಕಾಗದಗಳ ಕಟ್ಟು ಹಿಡಿದು ಮತ್ತೆ ಬಂದ. ಈಗಿನ ಯಂತ್ರ ಮೈನಸ್ ಇಪ್ಪತ್ತರ ತನಕ ನಡೆಯುತ್ತದಂತೆ. ಮೇಷ್ಟ್ರು ಅವನ ಬೂಟಿನ ಬಗ್ಗೆ ಮಾತೆತ್ತಲಿಲ್ಲ, ಯಾರ ಮಗ ಅಂತಲೂ ಕೇಳಲಿಲ್ಲ. ಮೊಮ್ಮಗ ಅವರ ಗಡ್ಡ ಹಿಡಿದುಕೊಂಡಿದ್ದರಿಂದ ತಲೆಯೂ ಎತ್ತಲಿಲ್ಲ.

ಎರ್ನಿಸ್‌ಗೆ ಮುಜುಗರವಾಯಿತು. “ಮೇಷ್ಟ್ರೇ, ತಮ್ಮಂಥವರು ಬೂಟುಗಳ ಮಧ್ಯೆ ಕೂರೋದಾ? ಮೇಲೆ ಹೋಗಿ ಕೂತ್ಕೊಳ್ಳಿ.”

“ಬೇಡಪ್ಪಾ” ಎಂದರು ಮೇಷ್ಟ್ರು. “ನಾನಿನ್ನೂ ಚಿಕ್ಕವನು.”