ಪರವಾನಗಿಗೆ ಮೀರಿದ ಹೆಣ

ನಮ್ಮ ಬ್ರೆಜಿಲ್‌ನ ಗಣಿ ಊರು ಬರ್ರಾ ದೊ ಕಾಪಿಂನಲ್ಲಿ ಒಂದನೇ ಅಣೆಕಟ್ಟು ಒಡೆದಲ್ಲಿ ನಲವತ್ತು ಜನರಿಗೆ ಮೀರದಂತೆ ಸಾಯತಕ್ಕದ್ದೆಂದು ಕಂಪನಿಯ ಪರವಾನಗಿಯಲ್ಲೇ ನಮೂದಾಗಿದೆ.

ಇದು ನೀರಿನ ಅಣೆಕಟ್ಟಲ್ಲ. ಅದಿರು ತೊಳೆದ ಕೆಂಪು ಕೆಸರನ್ನು ಊರಿನ ತಲೆಯ ಮೇಲೆ ಕೂಡಿಟ್ಟದ್ದು. ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಪಾಯದ ಸೈರನ್ನಿನ ಪರೀಕ್ಷೆ ನಡೆಯುತ್ತದೆ. ಅದು ಕೂಗಿದೊಡನೆ ನಾವೆಲ್ಲ ಕಾಫಿಗೆ ನೀರಿಡುತ್ತೇವೆ. ಅಣೆಕಟ್ಟು ಒಡೆದದ್ದೂ ಬುಧವಾರ ಹತ್ತಕ್ಕೇ. ಸೈರನ್ ಕೂಗಿತು, ಊರು ಕಾಫಿಗೆ ನೀರಿಟ್ಟಿತು. ಕೂಗಬೇಕಾದದ್ದು ಕೂಗಿದೆ ಎಂದು ಕಂಪನಿ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತು.

ಎರಡು ವಾರದಲ್ಲಿ ನಲವತ್ತು ಹೆಣ ಸಿಕ್ಕವು. “ದುರಂತವು ಪರವಾನಗಿಯ ಮಿತಿಯೊಳಗೆ ಮುಕ್ತಾಯಗೊಂಡಿದೆ. ಸಹಕರಿಸಿದ ಸಾರ್ವಜನಿಕರಿಗೆ ಧನ್ಯವಾದಗಳು” ಎಂಬ ಪ್ರಕಟಣೆ ಹೊರಬಿತ್ತು. ಮಾರನೆಯ ದಿನ ಬೇಕರಿಯ ಅನಕ್ಲೇಟೋ ಸಿಕ್ಕ. ಅವನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಬಂದವನೇ ಅಲ್ಲ.

ಮರಣಪತ್ರ ಇಲ್ಲದೆ ಪಾದ್ರಿ ಹೂಳುವಂತಿಲ್ಲ. ಅನಕ್ಲೇಟೋನನ್ನು ಮೀನು ಸಾಗಿಸುವ ಲಾರಿಯ ಮಂಜುಗಡ್ಡೆಯಲ್ಲಿಟ್ಟು, ಅವನ ಹೆಂಡತಿ ಜಾಂದೀರಾ ನೋಂದಣಿ ಕಚೇರಿಗೆ ಬಂದಳು. ಸಾಲಿನಲ್ಲಿ ಅವಳ ಹಿಂದೆಯೇ ನಾನಿದ್ದೆ.

“ಸತ್ತಿದ್ದಾರೆ ಅಂತ ಹೇಗೆ ಬರೀಲಿ ಡೋನಾ ಜಾಂದೀರಾ? ನಲವತ್ತೂ ಭರ್ತಿ ಆಗೋಯ್ತು” ಎಂದ ಗುಮಾಸ್ತ ಎವಾರಿಸ್ಟೋ.

“ಹಂಗಾದ್ರೆ ಬದುಕಿದ್ದಾರೆ ಅಂತ ಬರ್ಕೊಡಿ. ಮನೆಗೆ ಕರ್ಕೊಂಡೋಗಿ ಊಟಕ್ಕಿಡ್ತೀನಿ.”

“ಅದಕ್ಕೆ ಅವರೇ ಖುದ್ದಾಗಿ ಬಂದು ಸಹಿ ಹಾಕ್ಬೇಕಮ್ಮಾ.”

“ನನ್ನ ಗಂಡ ಮೀನಲ್ಲ ಕಣಯ್ಯಾ!” ಜಾಂದೀರಾ ಮೇಜು ಗುದ್ದಿದಳು. “ನಿನ್ನ ಮದುವೆ ಕೇಕು ಮಾಡಿದ್ದೂ ಅವನೇ. ಅವನಿಗೆ ಆರಡಿ ಮಣ್ಣು ಕೇಳಿದ್ರೆ ಲೆಕ್ಕ ಹೇಳ್ತೀಯಾ?”

ನನಗೂ ಸಿಟ್ಟು ಬಂತು. ಆದರೆ ಮುಂದಿನ ಸರದಿ ನನ್ನದೇ ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ.

ಕೇಕಿನ ನೆನಪಿಗೆ ಎವಾರಿಸ್ಟೋ ಕರಗಿದ. ಹೊಸ ಪುಸ್ತಕವೊಂದನ್ನು ತೆಗೆದ.

“ಎರಡನೇ ಅಣೆಕಟ್ಟಿನ ಪಟ್ಟಿ ಪೂರ್ತಿ ಖಾಲಿ ಇದೆ. ಒಂದನೇ ನಂಬರ್ ಅವರಿಗೇ ಇಡ್ತೀನಿ. ಅದು ಒಡೆದ ದಿನವೇ ಪತ್ರ ಕೈಗೆ ಬರುತ್ತೆ.”

“ಯಾವಾಗ ಒಡೆಯುತ್ತೆ?”

“ಬಿರುಕು ಚೆನ್ನಾಗಿ ಬೆಳೀತಿದೆ ಅಂತ ಇಂಜಿನಿಯರು ಬರೆದಿದಾರೆ. ತುಂಬ ದಿನ ಕಾಯಿಸಲ್ಲ. ಅಂದಹಾಗೆ, ಈಗ ಎಲ್ಲಿದ್ದೀರಿ?”

“ಮನೆ ಕೊಚ್ಕೊಂಡೋಯ್ತಲ್ಲ. ತಂಗಿ ಮನೇಲಿದೀನಿ, ಎರಡನೇ ಅಣೆಕಟ್ಟಿನ ಕೆಳಗೆ.”

“ಹಾಗಾದ್ರೆ ಎರಡನೇ ನಂಬರ್ ನಿಮಗೇ ಬರ್ಕೊಳ್ಲಾ? ಆಮೇಲೆ ಭರ್ತಿ ಆದ್ರೆ ಮತ್ತೆ ಇದೇ ರಗಳೆ.”

ಜಾಂದೀರಾ ಪುಸ್ತಕವನ್ನು ತನ್ನತ್ತ ತಿರುಗಿಸಿಕೊಂಡು ಖಾಲಿ ಸಾಲನ್ನು ನೋಡಿದಳು.

“ಅವನ ಪಕ್ಕದ ಗುಂಡಿನೇ ಸಿಗುತ್ತಾ?”

“ನಂಬರ್ ಪ್ರಕಾರನೇ ಹೂಳೋದು.”

“ಬರ್ಕೊಳ್ಳಿ” ಎಂದು ಕಣ್ಣೊರೆಸಿಕೊಂಡು ಸಹಿ ಹಾಕಿದಳು.

ನಾನು ಹೋಗಿದ್ದು ಮೊಮ್ಮಗಳ ಜನನಪತ್ರಕ್ಕೆ. ಆದರೂ ನಮ್ಮ ಮನೆಯೂ ಅದೇ ಅಣೆಕಟ್ಟಿನ ಕೆಳಗಿರುವಾಗ ಸಿಕ್ಕ ಅವಕಾಶ ಬಿಡುವುದೇಕೆ ಎಂದು ಮೂರನೇ ನಂಬರು ನನಗೆ, ನಾಲ್ಕನೆಯದು ಮಗುವಿಗೆ ಬರೆಸಿದೆ. ಹಿಂದಿನವರು ನೂಕಾಡತೊಡಗಿದರು. “ನಮ್ಮನೆಯವರು ಆರು ಜನ ಇದೀವಪ್ಪಾ, ಒಟ್ಟಿಗೇ ಬರ್ಕೋ!” ಎಂದು ಯಾರೋ ಕೂಗಿದರು. ಹಾಗೆ ನುಗ್ಗಬಾರದು, ಸಾಲಿನಲ್ಲಿ ಬನ್ನಿ ಎಂದು ನಾನೇ ಗದರಿದೆ.

ಅಷ್ಟರಲ್ಲಿ ಸೈರನ್ ಕೂಗಿತು. ಬುಧವಾರ, ಹತ್ತು ಗಂಟೆ.

ಎವಾರಿಸ್ಟೋ ಪುಸ್ತಕ ಮುಚ್ಚಿ, ಎದ್ದು ಹೋಗಿ ಕಾಫಿಗೆ ನೀರಿಟ್ಟ.